ಅಪ್‌ಡೇಟ್: ಮೊಣಕೈ ನೋವಿಗೆ ಹೆಗಲನ್ನು ಪರೀಕ್ಷಿಸಿದ ಮೇಲೆ

ಮೂರು ತಿಂಗಳ ಹಿಂದೆ, ಬಲ ಮೊಣಕೈಯ ಹೊರಬದಿಯ ನೋವಿಗೆ ಮುಲಾಮು, ಪಟ್ಟಿ, ವಿಶ್ರಾಂತಿ ಯಾವುದೂ ನಾಟುತ್ತಿಲ್ಲ, ನೀರು ತುಂಬಿದ ಚೊಂಬನ್ನು ಎತ್ತುವುದೂ ಕಷ್ಟವಾಗಿದೆ ಎಂದು ಇಲ್ಲಿ ಕೇಳಿದ್ದೆ. ಹೆಗಲನ್ನೂ ತೋರಿಸಿಕೊಳ್ಳಿ ಎಂದು ಕೆಲವರು ಸೂಚಿಸಿದ್ದಿರಿ. ಆ ಮಾತನ್ನು ಅಂದು ಅರೆಮನಸ್ಸಿನಿಂದಲೇ ಓದಿದ್ದೆನೆಂದು ಒಪ್ಪಿಕೊಳ್ಳುತ್ತೇನೆ.

ಕುತ್ತಿಗೆಯ ಆರನೆಯ ಅಥವಾ ಏಳನೆಯ ನರಮೂಲ ಒತ್ತಲ್ಪಟ್ಟರೂ ನೋವು ಮೊಣಕೈಯವರೆಗೆ ಇಳಿಯಬಹುದಾದ್ದರಿಂದ ಫಿಸಿಯೋಥೆರಪಿಸ್ಟ್ ಮೊದಲು ಅದನ್ನೇ ಪರೀಕ್ಷಿಸಿದರು. ಅಲ್ಲಿ ದೋಷ ಕಾಣಲಿಲ್ಲ. ಆದರೆ ಗೋಡೆಗೆ ಕೈಯೂರಿ ತಳ್ಳಿದಾಗ ಬಲ ಹೆಗಲಿನ ಹಿಂಬದಿಯ ಹಲಗೆಮೂಳೆ ರೆಕ್ಕೆಯಂತೆ ಮೇಲೆದ್ದಿತು. ಅದನ್ನು ಪಕ್ಕೆಲುಬುಗಳಿಗೆ ಒತ್ತಿ ಹಿಡಿಯುವ ಸೆರೇಟಸ್ ಸ್ನಾಯುವೂ, ಕುತ್ತಿಗೆಯಿಂದ ಬೆನ್ನಿನ ನಡುವಿನವರೆಗೆ ಹರಡಿರುವ ಸ್ನಾಯುವಾದ ಟ್ರೆಪೀಜಿಯಸ್‌ನ ಕೆಳಭಾಗವೂ ದುರ್ಬಲವಾಗಿದ್ದರೆ ತೋಳಿಗೆ ಭದ್ರ ನೆಲೆ ಸಿಗದೆ, ಹೆಗಲು ಹೊರಬೇಕಾದ ಕೆಲಸದ ಒಂದು ಪಾಲು ಮುಂಗೈ ಸ್ನಾಯುಗಳ ಮೇಲೂ, ಅವು ಮೊಣಕೈಗೆ ಅಂಟಿರುವ ಸ್ನಾಯುರಜ್ಜುವಿನ ಮೇಲೂ ಬೀಳಬಹುದು ಎಂದು ಅವರು ವಿವರಿಸಿದರು.

ಎಲಾಸ್ಟಿಕ್ ಬ್ಯಾಂಡ್ ಹಿಂದಕ್ಕೆಳೆಯುವುದು, ಗೋಡೆ ತಳ್ಳುವುದು, ಇವುಗಳ ಜೊತೆಗೆ ಅರ್ಧ ಕಿಲೋ ಡಂಬೆಲ್ ಹಿಡಿದು ಮಣಿಕಟ್ಟನ್ನು ನಿಧಾನವಾಗಿ ಇಳಿಸುವ ವ್ಯಾಯಾಮವೂ ನಡೆಯಿತು. ಹೆಗಲನ್ನು ಬಲಪಡಿಸಿದರೆ ಸಾಕು, ಮೊಣಕೈಯನ್ನು ಮರೆಯಬಹುದು ಎಂದು ಯಾರೂ ಭಾವಿಸಬಾರದು. ಕಂಪ್ಯೂಟರ್ ಮೌಸನ್ನೂ ಮೈಯ ಸಮೀಪಕ್ಕೆ ಎಳೆದುಕೊಂಡೆ.

ಮೊದಲ ಆರು ವಾರ ಹೇಳಿಕೊಳ್ಳುವಂಥ ಬದಲಾವಣೆಯೇನೂ ಇರಲಿಲ್ಲ, ಹತ್ತನೆಯ ವಾರದ ಹೊತ್ತಿಗೆ ಚೊಂಬು ನೋವಿಲ್ಲದೆ ಮೇಲೆದ್ದಿತು. ಒದ್ದೆ ಬೆಡ್‌ಶೀಟ್ ಹಿಂಡುವಾಗ ಮಾತ್ರ ಇನ್ನೂ ಚುಳುಕ್ಕೆನ್ನುತ್ತದೆ. ಸದ್ಯಕ್ಕೆ ಆ ಕೆಲಸ ಮಗನದು.