ಹಳೇ ಫೈಬರ್ ಬೋಟ್ ಪೂರ್ತಿ ಮಂಕಾಗಿದೆ, ಪೇಂಟ್ ಮಾಡಿಸ್ಲೇಬೇಕಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಇರೋದು ಹಳೇ ಫೈಬರ್‌ಗ್ಲಾಸ್ ಬೋಟ್, ಕಡುನೀಲಿ ಬಣ್ಣದ್ದು, ಈಗ ಬೂದಿ ಬಳಿದಂಗೆ ಕಾಣುತ್ತೆ, ಕೈ ಸವರಿದ್ರೆ ಬಿಳೀ ಪುಡಿ ಅಂಟುತ್ತೆ. ವ್ಯಾಕ್ಸ್ ಹಾಕಿದಾಗ ಹೊಳೆಯುತ್ತೆ, ಸ್ವಲ್ಪ ದಿನಕ್ಕೆ ಮತ್ತೆ ಅದೇ ಕಥೆ. ಪೇಂಟ್ ಒಂದೇ ದಾರೀನಾ, ಇಲ್ಲ ಮೊದಲಿನ ಬಣ್ಣಾನೇ ವಾಪಸ್ ತರಬಹುದಾ?

ಉತ್ತರ 1:
ಈಗ್ಲೇ ಪೇಂಟ್‌ಗೆ ಹೋಗ್ಬೇಡಿ ಸಾರ್. ಮೇಲಿರೋದು ಜೆಲ್‌ಕೋಟ್, ಅಂದ್ರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್ ಪದರ, ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ. ಬಿಸಿಲಿನ ಯುವಿಗೆ ಅದರ ಮೇಲ್ಭಾಗ ಹಾಳಾಗಿ ಪುಡಿಯಾಗಿದೆ ಅಷ್ಟೇ, ಅಡಿಯಲ್ಲಿ ಒಳ್ಳೇ ಬಣ್ಣ ಇರೋ ಸಾಧ್ಯತೆ ಜಾಸ್ತಿ. ವ್ಯಾಕ್ಸ್ ನಿಲ್ತಿಲ್ಲ ಅಂದ್ರೆ ಅದಕ್ಕೇ, ಆ ಪುಡಿ ತೆಗೀದೆ ಏನು ಹಾಕಿದ್ರೂ ಹಿಡಿಯಲ್ಲ. ಮೊದ್ಲು ಸೋಪ್ ನೀರಲ್ಲಿ ತೊಳೆದು ಹಳೇ ವ್ಯಾಕ್ಸನ್ನ ಡೀವ್ಯಾಕ್ಸರ್ ಹಾಕಿ ತೆಗೀರಿ, ಆಮೇಲೆ ಕಣ್ಣಿಗೆ ಬೀಳದ ಕಡೆ ಒಂದಡಿ ಜಾಗದಲ್ಲಿ ಬರೀ ಕಾಂಪೌಂಡ್ (ಮೇಲ್ಮೈ ಉಜ್ಜಿ ಸವೆಸೋ ಪೇಸ್ಟ್) ಹಾಕಿ ಉಜ್ಜಿ ನೋಡಿ. ಹೊಳಪು ಬಂತಾ, ಸ್ಯಾಂಡಿಂಗ್, ಅಂದ್ರೆ ಪೇಪರಲ್ಲಿ ಉಜ್ಜೋದೇ ಬೇಡ. ಬರ್ಲಿಲ್ಲ ಅಂದ್ರೆ 1000 ಗ್ರಿಟ್ ವಾಟರ್ ಪೇಪರ್, ಆಮೇಲೆ 1500, 2000, ನೀರು ಧಾರಾಳವಾಗಿ ಹಾಕ್ಕೊಂಡು, ಹಿಂದಿನ ಪೇಪರಿನ ಗೀರು ಪೂರ್ತಿ ಹೋಗೋ ತನಕ ಮುಂದಿನದಕ್ಕೆ ಹೋಗ್ಬೇಡಿ. ನಂತರ ಕಾಂಪೌಂಡ್, ಪಾಲಿಶ್, ಕೊನೇಲಿ ವ್ಯಾಕ್ಸ್.

ಉತ್ತರ 2:
ಸರಿಯಾಗಿ ಹೇಳಿದ್ರಿ, ಒಂದು ಮಾತು ಸೇರಿಸ್ತೀನಿ. ಪಾಲಿಶಿಂಗ್ ಮಷೀನಲ್ಲಿ ಉಜ್ಜೋದಾದ್ರೆ ಅಂಚು, ಮೂಲೆ ಹತ್ರ ಅದನ್ನ ಒತ್ತಲೇಬೇಡಿ, ಅಲ್ಲಿ ಜೆಲ್‌ಕೋಟ್ ಬೇಗ ಸವೆಯುತ್ತೆ, ಒಳಗಿನ ಫೈಬರ್ ಕಂಡ್ರೆ ಪಾಲಿಶ್‌ನಿಂದ ಏನೂ ಆಗಲ್ಲ, ಹೊಸ ಜೆಲ್‌ಕೋಟೇ ಹಚ್ಬೇಕು. ಅಂಥ ಕಡೆ ಕೈಯಲ್ಲೇ ಉಜ್ಜಿ. ನೆರಳಲ್ಲಿ ಮಾಡಿ, ಬಿಸಿಲಲ್ಲಿ ಕಾಂಪೌಂಡ್ ಒಣಗಿ ಕೂತ್ಬಿಡುತ್ತೆ. ಮಷೀನ್ ಸ್ಪೀಡ್ ಕಮ್ಮಿ ಇರ್ಲಿ, ಒಂದೇ ಕಡೆ ನಿಲ್ಲಿಸ್ಬೇಡಿ. ನಿಮ್ದು ಕಡು ಬಣ್ಣ, ಸುತ್ತು ಸುತ್ತು ಗೀರು ಎದ್ದು ಕಾಣುತ್ತೆ, ಹಾಗಾಗಿ ವುಲ್ ಪ್ಯಾಡ್ ಆದ್ಮೇಲೆ ಫೋಮ್ ಪ್ಯಾಡಲ್ಲಿ ಇನ್ನೊಂದ್ಸಲ ಹೊಡೀರಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ನೀರು ತಾಗೋ ಗೆರೆ ಉದ್ದಕ್ಕೂ ಕಂದು ಕಲೆ ಇದೆ, ಅದೂ ಕಾಂಪೌಂಡಿಗೆ ಹೋಗುತ್ತಾ?

ಉತ್ತರ 3:
ಅದಕ್ಕೆ ಉಜ್ಜೋದು ದಂಡ, ಸುಮ್ನೆ ಜೆಲ್‌ಕೋಟ್ ಸವೆಸ್ತೀರ. ಆಕ್ಸಾಲಿಕ್ ಆಸಿಡ್ ಇರೋ ಕ್ಲೀನರ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ತೊಳೀರಿ, ಗ್ಲೌಸ್, ಕನ್ನಡಕ ಹಾಕ್ಕೊಂಡೇ ಮಾಡಿ, ಕಾಂಪೌಂಡಿಗಿಂತ ಮೊದ್ಲೇ ಇದು ಮುಗೀಲಿ. ಇನ್ನೊಂದು, ಮುಂದೆ ಯಾವತ್ತಾದ್ರೂ ಪೇಂಟ್ ಮಾಡಿಸೋ ಯೋಚನೆ ಇದ್ರೆ ಸಿಲಿಕೋನ್ ಇರೋ ವ್ಯಾಕ್ಸ್ ಈಗ ಹಾಕ್ಬೇಡಿ, ಆಮೇಲೆ ಪೇಂಟ್ ಹಿಡೀದೆ ಅಲ್ಲಲ್ಲಿ ಕುಳಿ ಬೀಳುತ್ತೆ.