ಯೆಜ್ಡಿ ಟ್ಯಾಂಕಿನ ತುಕ್ಕಿಗೆ ಬಾತ್‌ರೂಮ್ ಆಸಿಡ್ ಹಾಕಬಹುದಾ?

ಪ್ರಶ್ನೆ (ಕಲಬುರಗಿಯಿಂದ): ಅಪ್ಪನ 1983ರ ಯೆಜ್ಡಿ ರೋಡ್‌ಕಿಂಗ್ ಎಂಟು ವರ್ಷದಿಂದ ಬ್ರಹ್ಮಪುರದ ಮನೆಯಲ್ಲಿ ನಿಂತೇ ಇದೆ. ಮುಚ್ಚಳ ತೆಗೆದರೆ ಟ್ಯಾಂಕ್ ಒಳಗೆಲ್ಲಾ ಕೆಂಪು ತುಕ್ಕು. ಅಲ್ಲಾಡಿಸಿದರೆ ಜರಜರ ಸದ್ದು. ಹೊರಗಿನ ಬಣ್ಣ, ಕ್ರೋಮ್ ಇನ್ನೂ ಚೆನ್ನಾಗಿವೆ. ಬಾತ್‌ರೂಮ್ ತೊಳೆಯುವ ಆಸಿಡ್ ಸುರಿಯಿರಿ ಎಂದು ಒಬ್ಬರು ಹೇಳಿದರು. ಸುರಿಯಬಹುದಾ?

ಉತ್ತರ: ಬೇಡ್ರಿ, ದಯವಿಟ್ಟು ಬೇಡ. ಅದು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ. ಕೆಲಸ ಕಲಿಯುವಾಗ ನಾನೇ ಒಂದು ರಾಜ್‌ದೂತ್ ಟ್ಯಾಂಕಿಗೆ ಹಾಕಿದ್ದೆ. ತುಕ್ಕು ಬೇಗ ಹೋಯಿತು. ಮರುದಿನ ಪೆಟ್ರೋಲ್ ತುಂಬಿದರೆ ತಳದ ಜೋಡಣೆಯಲ್ಲಿ ಸಾಲಾಗಿ ಹನಿ. ಆ ಗಾಡಿಯವರ ಮುಖ ಇನ್ನೂ ಕಣ್ಣ ಮುಂದಿದೆ. ನಿಮ್ಮ ಗಾಡಿ ಮಾಡಿದ ಮೈಸೂರಿನ ಕಾರ್ಖಾನೆ 1996ರಲ್ಲೇ ನಿಂತುಹೋಯಿತು. ಇರುವ ಟ್ಯಾಂಕನ್ನೇ ಉಳಿಸಿಕೊಳ್ಳಬೇಕು.

ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಸೂಪರ್ ಮಾರ್ಕೆಟ್ ಕಡೆಯ ಕಿರಾಣಿ ಅಂಗಡಿಯಲ್ಲಿ ಕೇಳಿ. ಮೊದಲು ಹಳೇ ಪೆಟ್ರೋಲನ್ನು ಬಯಲಲ್ಲಿ ತೆಗೆಯಿರಿ, ಹತ್ತಿರ ಬೆಂಕಿ, ಬೀಡಿ ಏನೂ ಇರಬಾರದು. ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ, ಆ ತೂತಿಗೆ ರಬ್ಬರ್ ಇಟ್ಟು ಮುಚ್ಚಿ. ಸೋಪಿನ ನೀರಲ್ಲಿ ಎರಡು ಸಲ ತೊಳೆಯಿರಿ. ಜಿಡ್ಡು ಉಳಿದರೆ ನಿಂಬೆ ಉಪ್ಪು ತುಕ್ಕನ್ನು ಮುಟ್ಟುವುದೇ ಇಲ್ಲ. ಹಿಡಿಯಷ್ಟು ನಟ್ ಹಾಕಿ ಕುಲುಕಿದರೆ ಸಡಿಲ ತುಕ್ಕು ಉದುರುತ್ತದೆ. ನಟ್ ಎಣಿಸಿ ಹಾಕಿ, ಎಣಿಸಿ ತೆಗೆಯಿರಿ.

ಆಮೇಲೆ ಲೀಟರ್ ಬಿಸಿನೀರಿಗೆ 60 ಗ್ರಾಂ ನಿಂಬೆ ಉಪ್ಪು ಕರಗಿಸಿ, ಕತ್ತಿನವರೆಗೆ ತುಂಬಿ. ಅರ್ಧಕ್ಕೆ ನಿಲ್ಲಿಸಬೇಡಿ, ಗಾಳಿಯಾಡುವ ಮೇಲ್ಭಾಗದಲ್ಲೂ ತುಕ್ಕು ಇರುತ್ತದೆ. ಗುಳ್ಳೆ ಬರುತ್ತದೆ, ಹಾಗಾಗಿ ಮುಚ್ಚಳ ಬಿಗಿ ಮಾಡಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹೊಯ್ಯಿರಿ. ಒಂದು ರಾತ್ರಿ ಬಿಟ್ಟು ಎಲ್‌ಇಡಿ ಟಾರ್ಚ್ ಹಾಕಿ ನೋಡಿ. ತಗಡು ಮಂಕು ಬೂದಿ ಬಣ್ಣಕ್ಕೆ ತಿರುಗಿದ್ದರೆ ಕೆಲಸ ಆಯಿತು. ಇಲ್ಲವಾದರೆ ಹೊಸದಾಗಿ ನಿಂಬೆ ಉಪ್ಪಿನ ನೀರು, ಇನ್ನೊಂದು ರಾತ್ರಿ.

ಜಾಸ್ತಿ ಜನ ಸೋಲುವುದು ಇದರ ನಂತರ. ನೀರು ಚೆಲ್ಲಿ ಚಹಾ ಕುಡಿದು ಬರುವಷ್ಟರಲ್ಲಿ ಒಳಗೆ ಕಿತ್ತಳೆ ಬಣ್ಣದ ಹೊಸ ತುಕ್ಕು ಹೂ ಬಿಟ್ಟಿರುತ್ತದೆ. ಅದಕ್ಕೇ ಎಲ್ಲಾ ಮೊದಲೇ ಪಕ್ಕದಲ್ಲಿ ಇಟ್ಟುಕೊಳ್ಳಿ. ಅಡುಗೆ ಸೋಡಾ ಕಲಸಿದ ನೀರಿನಿಂದ ಒಮ್ಮೆ, ಸಾದಾ ನೀರಿನಿಂದ ಒಮ್ಮೆ ತೊಳೆದು, ಕೂಡಲೇ ತಣ್ಣನೆ ಗಾಳಿಯ ಬ್ಲೋವರ್ ಹಿಡಿದು, ನಮ್ಮ ಕಲಬುರಗಿ ಬಿಸಿಲಿಗೆ ಇಡಿ. ಬೇಸಿಗೆಯ ಮಧ್ಯಾಹ್ನವಾದರೆ ಇನ್ನೂ ಒಳ್ಳೆಯದು. ಒಣಗಿದ ತಕ್ಷಣ ಒಂದು ಲೋಟ ಟೂ-ಸ್ಟ್ರೋಕ್ ಆಯಿಲ್ ಹಾಕಿ ಎಲ್ಲಾ ಕಡೆ ತಿರುಗಿಸಿ, ಉಳಿದದ್ದು ಬಸಿಯಿರಿ. ಯೆಜ್ಡಿಗೆ ಪೆಟ್ರೋಲಲ್ಲಿ ಆಯಿಲ್ ಹೇಗೂ ಬೇಕು, ಅಂಟಿದ್ದು ಒಳಗೇ ಉಳಿಯಲಿ.

ಹೊರಗಿನ ಬಣ್ಣ ಮುಟ್ಟಬೇಡಿ. ಅದು ಅಪ್ಪ ಕೈಯಾರೆ ಒರೆಸಿದ ಬಣ್ಣ ಅಲ್ವಾ?

ಪ್ರಶ್ನೆ (ಯಾದಗಿರಿಯಿಂದ): ನನ್ನ ಬುಲೆಟ್ ಟ್ಯಾಂಕಿನಲ್ಲಿ ಸೂಜಿ ಮೊನೆಯಷ್ಟು ತೂತು. ಖಾಲಿ ಮಾಡಿ ವೆಲ್ಡಿಂಗ್ ಮಾಡಿಸಲಾ?

ಉತ್ತರ: ಬೇಡ. ಖಾಲಿ ಟ್ಯಾಂಕೇ ಜಾಸ್ತಿ ಅಪಾಯ. ಪೆಟ್ರೋಲ್ ಆವಿ ಗಾಳಿ ಜೊತೆ ಸೇರಿ ಬಾಂಬಿನ ಹಾಗೆ ಸಿಡಿಯುತ್ತದೆ. ಒಂದೆರಡು ಸಲ ತೊಳೆದರೂ ಜೋಡಣೆಯ ಸಂದಿನಲ್ಲಿ ಪೆಟ್ರೋಲ್ ಉಳಿದಿರುತ್ತದೆ. ಒಂದೇ ತೂತಾದರೆ, ಟ್ಯಾಂಕ್ ಕೆಲಸ ಗೊತ್ತಿರುವ ರೇಡಿಯೇಟರ್ ರಿಪೇರಿಯವರು ಒಳಗೆ ನೀರು ತುಂಬಿಕೊಂಡು ಬೆಸುಗೆ (ಸೋಲ್ಡರಿಂಗ್, ವೆಲ್ಡಿಂಗ್ ಅಲ್ಲ) ಹಾಕುತ್ತಾರೆ. ಹಲವು ಕಡೆ ಜಿನುಗುತ್ತಿದ್ದರೆ ಒಳಗೆ ಎಪಾಕ್ಸಿ ಲೇಪನ. ಆದರೆ ಅದು ತುಕ್ಕಿನ ಮೇಲೂ ನಿಲ್ಲದು, ಎಣ್ಣೆಯ ಮೇಲೂ ನಿಲ್ಲದು. ಅದಕ್ಕೆ ಮೇಲೆ ಹೇಳಿದ ಆಯಿಲ್ ಹಂತ ಬಿಡಿ.

ಪ್ರಶ್ನೆ (ಬೀದರಿನಿಂದ): ಈಗಿನ ಎಥನಾಲ್ ಪೆಟ್ರೋಲಿಂದ ಮತ್ತೆ ತುಕ್ಕು ಬರುತ್ತದಾ?

ಉತ್ತರ: ಗಾಡಿ ಓಡುತ್ತಿದ್ದರೆ ಅಷ್ಟು ಚಿಂತೆ ಬೇಡ. ಸುಮ್ನೆ ನಿಂತರೆ ಬರುತ್ತದೆ. ಎಥನಾಲ್ ಗಾಳಿಯ ತೇವ ಹೀರುತ್ತದೆ. ತೇವ ಜಾಸ್ತಿಯಾದರೆ ನೀರು, ಎಥನಾಲ್ ಎರಡೂ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಪೂರ್ತಿ ಬಸಿದು, ಒಳಗೆ ಎಣ್ಣೆ ಸವರಿ ಇಡಿ. ಪೈಪಿನ ಮಧ್ಯೆ ಒಂದು ಫಿಲ್ಟರ್ ಹಾಕಿಸಿ. ಮೊದಲ ವಾರ ಅದರಲ್ಲಿ ಕೆಂಪು ಪುಡಿ ಕಂಡರೆ ಕಾರ್ಬ್ಯುರೇಟರ್ ಬಟ್ಟಲೂ ಬಿಚ್ಚಿ ನೋಡಿ.