‘ಮುಸುರೆ’ ಎನ್ನಬಹುದೇ? ಹಸಿಯದರಿಂದ ಬೆಂದದ್ದಕ್ಕೆ ದಾಟುವ ಸೋಂಕಿಗೆ ಒಂದು ಪದ ಬೇಕು

ಮಾನ್ಯರೇ,

ಆರರಿಂದ ಎಂಟನೆಯ ತರಗತಿಯ ಮಕ್ಕಳಿಗಾಗಿ ಅಡುಗೆಮನೆಯ ಸುರಕ್ಷತೆ ಹಾಗೂ ಆಹಾರದ ಶುಚಿತ್ವದ ಬಗ್ಗೆ ಪಾಠದ ಟಿಪ್ಪಣಿ ಬರೆಯುತ್ತಿದ್ದೇನೆ. ಸುಟ್ಟ ಗಾಯ, ಈಳಿಗೆಮಣೆ, ಗ್ಯಾಸಿನ ವಾಸನೆ ಇವುಗಳಿಗೆಲ್ಲ ಮಾತು ಸಲೀಸಾಗಿ ಸಿಕ್ಕಿತು. ಆದರೆ ಹಸಿ ಮಾಂಸ, ಮೊಟ್ಟೆಯ ಚಿಪ್ಪು, ಮಣ್ಣು ಮೆತ್ತಿದ ತರಕಾರಿ ಇವುಗಳಲ್ಲಿರುವ ರೋಗಾಣುಗಳು ಕೈ, ಚಾಕು, ಮಣೆ ಅಥವಾ ಮಸಿಬಟ್ಟೆಯ ಮೂಲಕ ತಿನ್ನಲು ಸಿದ್ಧವಾದ ಆಹಾರಕ್ಕೆ ದಾಟುವುದನ್ನು, ಎಂದರೆ ‘ಕ್ರಾಸ್ ಕಂಟಾಮಿನೇಶನ್’ ಅನ್ನು, ಒಂದೇ ಪದದಲ್ಲಿ ಹೇಳಲು ಹೊರಟಾಗ ತಡವರಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯು 2001ರಲ್ಲಿ ಹೊರತಂದ ಸುರಕ್ಷಿತ ಆಹಾರದ ಐದು ಸೂತ್ರಗಳಲ್ಲಿ ಹಸಿಯದನ್ನೂ ಬೆಂದದ್ದನ್ನೂ ಬೇರೆಯಾಗಿಡಿ ಎಂಬುದೂ ಒಂದಾದ್ದರಿಂದ, ಈ ಪದವನ್ನು ಬಿಟ್ಟು ಪಾಠ ಮುಂದೆ ಸಾಗದು.

ಮೊದಲು ನೆನಪಾದದ್ದು ‘ಮುಸುರೆ’. ಹಸಿ ಮೊಟ್ಟೆ ಒಡೆದ ಕೈಯನ್ನು ಸೋಪಿನಿಂದ ತೊಳೆಯದೆ ಕೋಸಂಬರಿ ಕಲಸಬಾರದು ಎಂದು ತರಗತಿಯಲ್ಲಿ ಹೇಳಿ, “ಮುಸುರೆ ಕೈ ಇದ್ದ ಹಾಗೆ” ಎಂದು ಸೇರಿಸಿದೆ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, “ಮೊಟ್ಟೆ ಬೇಯಿಸೇ ಇಲ್ಲವಲ್ಲ ಮಿಸ್, ಮುಸುರೆ ಹೇಗಾಗುತ್ತೆ?” ಎಂದಳು. ಅವಳ ಮಾತು ಸರಿ. ಮನೆಬಳಕೆಯಲ್ಲಿ ಮುಸುರೆಯಾಗುವುದು ಬೆಂದ ಅನ್ನ. ಅದನ್ನು ಮುಟ್ಟಿದ ಕೈಯಿಂದ ಹಾಲು, ಮಜ್ಜಿಗೆಯ ಪಾತ್ರೆ ಮುಟ್ಟಬಾರದು ಎನ್ನುತ್ತಾರೆಯೇ ಹೊರತು ಹಸಿ ಅಕ್ಕಿಗೆ ಆ ದೋಷವಿಲ್ಲ. ನಮ್ಮ ಪಾಠದಲ್ಲಿ ಅಪಾಯ ಬರುವುದು ಹಸಿಯದರ ಕಡೆಯಿಂದ. ಚೆನ್ನಾಗಿ ಬೆಂದರೆ, ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಮೊಟ್ಟೆಯಲ್ಲಿರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು ಸಾಯುತ್ತದೆ. ಕೋಸಂಬರಿಗೆ ಒಲೆಯ ಭಾಗ್ಯವಿಲ್ಲದ್ದರಿಂದ ಕೈಯಿಂದ ಬಂದದ್ದು ನೇರವಾಗಿ ಹೊಟ್ಟೆಗೇ ಹೋಗುತ್ತದೆ. ಹೀಗಾಗಿ ‘ಮುಸುರೆ’ ಎಂದರೆ ಮಕ್ಕಳು ದಿಕ್ಕನ್ನೇ ತಿರುಗಿಸಿ ಕಲಿಯುವ ಸಂಭವವಿದೆ. ಅದು ‘ಮುಸುರೆ ತಿಕ್ಕುವುದು’ ಎಂಬಲ್ಲಿ ಉಂಡ ಪಾತ್ರೆಗಳಿಗೂ ಸಲ್ಲುವುದರಿಂದ ಗೊಂದಲ ಇನ್ನೂ ಹೆಚ್ಚು.

‘ಎಂಜಲು’ ಬಾಯಿಗೆ ಸೋಕಿದ್ದಕ್ಕಷ್ಟೇ ಸಲ್ಲುತ್ತದೆ. ರುಚಿ ನೋಡಿದ ಸೌಟನ್ನು ಮತ್ತೆ ಸಾರಿಗೆ ಅದ್ದಬಾರದು ಎಂದು ಹೇಳುವಾಗ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ‘ಮೈಲಿಗೆ’ಯನ್ನು ಮಾತ್ರ ಆರಂಭದಲ್ಲೇ ತಳ್ಳಿಹಾಕಿದೆ. ಮನುಷ್ಯರನ್ನು ದೂರವಿಡಲು ಬಳಸಿದ ಪದವನ್ನು, ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಬಿಸಿಯೂಟ ಮಾಡುವ ಶಾಲೆಯಲ್ಲಿ ಶುಚಿತ್ವದ ಹೆಸರಿನಲ್ಲಿ ಆಡಿಸಲು ನನಗೆ ಮನಸ್ಸಿಲ್ಲ.

‘ಅಡ್ಡ ಮಾಲಿನ್ಯ’ ಎಂಬುದು ಇಂಗ್ಲಿಷಿನ ಪಡಿಯಚ್ಚು. ಮಕ್ಕಳಿಗೆ ‘ಅಡ್ಡ’ ಎಂದೊಡನೆ ಅಡ್ಡರಸ್ತೆ ನೆನಪಾಗುತ್ತದೆ. ‘ಸೋಂಕು’ ಪದಕ್ಕೆ ಮುಟ್ಟುವಿಕೆ, ರೋಗ ತಗಲುವಿಕೆ ಎಂಬ ಎರಡೂ ಅರ್ಥಗಳಿರುವುದರಿಂದ ಅದು ಇಲ್ಲಿಗೆ ಒದಗಿಬರುವಂತಿದೆ. ಅದರಿಂದ ‘ಹಸಿಸೋಂಕು’, ‘ದಾಟುಸೋಂಕು’ ಎಂದು ಎರಡು ರೂಪಗಳನ್ನು ಕಟ್ಟಿಕೊಂಡಿದ್ದೇನೆ. ಮೊದಲನೆಯದು ಅಪಾಯದ ಮೂಲವನ್ನು ತೋರಿಸುತ್ತದೆ, ಆದರೆ ‘ಹಸಿ ಗೋಡೆ’ಯಲ್ಲಿರುವಂತೆ ಒದ್ದೆ ಎಂಬ ಅರ್ಥವೂ ನುಸುಳಬಹುದು. ಎರಡನೆಯದರಲ್ಲಿ ಆ ತೊಡಕಿಲ್ಲ, ಆದರೆ ಎಲ್ಲಿಂದ ದಾಟಿತು ಎಂಬುದು ತಿಳಿಯುವುದಿಲ್ಲ. ಸದ್ಯಕ್ಕೆ ನನ್ನ ಒಲವು ‘ಹಸಿಸೋಂಕಿ’ನ ಕಡೆಗಿದೆ.

ಮೀನು, ಮಾಂಸ ಹೆಚ್ಚಿದ ಮಣೆಯನ್ನು ಬೇರೆಯಾಗಿಡುವ ರೂಢಿ ಅನೇಕ ಮನೆಗಳಲ್ಲಿದೆ. ಕರಾವಳಿ, ಮಲೆನಾಡು, ಉತ್ತರ ಕರ್ನಾಟಕದ ನಿಮ್ಮ ಮನೆಗಳಲ್ಲಿ ಆ ಮಣೆಗೋ, ತೊಳೆಯದ ಆ ಕೈಗೋ ಪ್ರತ್ಯೇಕವಾದ ಹೆಸರಿದ್ದರೆ, ಬಳಕೆಯ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.